ಎರಡು ಸಲ ಮಾರಾಟವಾದ ಬೀಜ

೧೯೮೮ರಲ್ಲಿ, ಹಾನಗಲ್ಲಿನಲ್ಲಿ ಏಳನೆಯ ತರಗತಿಯ ಪರೀಕ್ಷೆ ಬರೆದ ಮರುದಿನವೇ ನನ್ನ ಓದು ಮುಗಿಯಿತು. ಫೇಲಾಗಿ ಬಿಟ್ಟವನಲ್ಲ. ಗಣಿತದಲ್ಲಿ ನೂರಕ್ಕೆ ತೊಂಬತ್ತೊಂದು ಬಂದಿತ್ತು ಎಂದು ಆಮೇಲೆ ತಿಳಿಯಿತು. ಅಷ್ಟೊತ್ತಿಗೆ ನಾನು ಬೀಜದ ಅಂಗಡಿಯೊಂದರಲ್ಲಿ ಚೀಲ ಹೊರುತ್ತಿದ್ದೆ. ಇಪ್ಪತ್ತೊಂದು ವರ್ಷ ಇನ್ನೊಬ್ಬರ ಅಂಗಡಿಯಲ್ಲಿ ದುಡಿದು, ೨೦೦೯ರಲ್ಲಿ ಶಿಗ್ಗಾವಿಯಲ್ಲಿ ನನ್ನದೇ ಹೆಸರಿನ ಬೋರ್ಡು ಏರಿಸಿದೆ. ೨೦೧೪ರಲ್ಲಿ ಒಂದು ಬೀಜದ ಕಂಪನಿ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕುಗಳಿಗೆ ನನ್ನನ್ನು ವಿತರಕನನ್ನಾಗಿ ಮಾಡಿತು. ಡಿಗ್ರಿ ಮಾಡಿದ ಇಬ್ಬರು ಅದೇ ವಿತರಣೆ ಕೇಳಿಕೊಂಡು ಬಂದಿದ್ದರು. ಸಿಕ್ಕಿದ್ದು ನನಗೆ. ಈ ಮಾತು ಹೇಳದೆ ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ.

ಹೇಳಬೇಕೆಂದಿರುವುದು ೨೦೧೮ರ ಮುಂಗಾರಿನ ಸಂಗತಿ. ಆ ವರ್ಷ ನನ್ನ ಮಾರಾಟ ಜಿಲ್ಲೆಯಲ್ಲೇ ಮೊದಲನೆಯದು. ಗೋವಿನಜೋಳದ ಬೀಜ, ನಾಲ್ಕು ಕಿಲೋದ ಪಾಕೀಟು, ಒಟ್ಟು ೧೧,೮೬೦. ಅದರ ಹಿಂದಿನ ವರ್ಷ ೬,೪೧೨ ಮಾರಿದ್ದೆ.

ನಮ್ಮ ಧಂದೆಯಲ್ಲಿ ಮಾರಾಟ ಎನ್ನುವುದಕ್ಕೆ ಎರಡು ಲೆಕ್ಕ. ನನ್ನ ಗೋಡೌನಿನಿಂದ ಊರೂರಿನ ಅಂಗಡಿಗಳಿಗೆ ಹೋಗುವುದು ಪ್ಲೇಸ್‌ಮೆಂಟ್. ಅಂಗಡಿಯಿಂದ ರೈತ ಕೊಂಡುಹೋಗುವುದು ಲಿಕ್ವಿಡೇಶನ್. ಪ್ಲೇಸ್‌ಮೆಂಟ್ ಎಷ್ಟೇ ಇದ್ದರೂ ಅಂಗಡಿಯ ಮೂಲೆಯಲ್ಲಿ ಉಳಿದ ಮಾಲು ಆಗಸ್ಟಿನಲ್ಲಿ ವಾಪಸು ಬರುತ್ತದೆ. ಆದ್ದರಿಂದ ಕಂಪನಿ ನಂಬುವುದು ಎರಡನೆಯ ಲೆಕ್ಕವನ್ನು. ರೈತ ಕೈಯಿಂದ ರೊಕ್ಕ ಬಿಚ್ಚಿ ಕೊಂಡಿದ್ದಾನೆ ಎಂದರೆ ಮಾಲು ಚೆನ್ನಾಗಿರಲೇಬೇಕು ಎಂದು ಅವರ ವಾದ. ಆ ವರ್ಷದವರೆಗೆ ನನ್ನ ವಾದವೂ ಅದೇ ಆಗಿತ್ತು.

ಚೀಲ ಹೊರುತ್ತಿದ್ದ ಕಾಲದಿಂದಲೂ ನನಗೊಂದು ರೂಢಿ. ಯಾವ ಲಾಟ್ ಬಂದರೂ, ಅಂದರೆ ಒಂದೇ ಸಲ ತಯಾರಾಗಿ ಒಂದೇ ನಂಬರು ಪಡೆದ ಬೀಜ ಬಂದರೂ, ಅದರಿಂದ ನೂರು ಕಾಳು ಎಣಿಸಿ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಡುತ್ತೇನೆ. ಐದನೆಯ ದಿನ ಬಿಚ್ಚಿ ಮೊಳಕೆ ಎಣಿಸುತ್ತೇನೆ. ಪಾಕೀಟಿನ ಮೇಲೆ ಕನಿಷ್ಠ ತೊಂಬತ್ತು ಎಂದು ಬರೆದಿರುತ್ತದೆ. ಆ ವರ್ಷ ಮೇ ತಿಂಗಳಲ್ಲಿ ಬಂದ ಮೊದಲ ಎರಡು ಲಾಟುಗಳಲ್ಲಿ ತೊಂಬತ್ತಮೂರು, ತೊಂಬತ್ತೈದು ಎದ್ದವು. ಮೂರನೆಯದು ೪,೩೦೦ ಪಾಕೀಟಿನ ದೊಡ್ಡ ಲಾಟು. ಬಿಚ್ಚಿ ನೋಡಿದರೆ ನಲವತ್ತೊಂಬತ್ತು. ಇನ್ನೊಂದು ನೂರು ಇಟ್ಟೆ. ನಲವತ್ತಾರು. ಹಳೆಯ ಬೀಜವನ್ನು ಹೊಸ ಪಾಕೀಟಿಗೆ ತುಂಬಿದ್ದರೋ, ಎಲ್ಲೋ ಗೋಡೌನಿನಲ್ಲಿ ಕಾವು ತಗುಲಿತ್ತೋ, ಇಂದಿಗೂ ನನಗೆ ಗೊತ್ತಿಲ್ಲ.

ಹುಬ್ಬಳ್ಳಿಯ ಏರಿಯಾ ಮ್ಯಾನೇಜರಿಗೆ ಫೋನ್ ಮಾಡಿದೆ.

“ಸಾಹೇಬ್ರ, ಮೂರನೇ ಲಾಟ್ ಐವತ್ತೂ ಏಳವಲ್ದು. ಎರಡು ಸಲ ನೋಡೇನಿ. ವಾಪಸ್ ತಗೋರಿ.”

“ನಿಂಗಪ್ಪನವರ, ನಮ್ಮ ಲ್ಯಾಬಿನ್ಯಾಗ ತೊಂಬತ್ತೆರಡು ಬಂದೈತಿ. ಅಲ್ಲಿ ಎಮ್ಮೆಸ್ಸಿ ಮಾಡಿದವರು ಕುಂತಾರ. ನಿಮ್ಮ ಗೋಣಿತಟ್ಟಿನ ಲ್ಯಾಬಿಗೆ ಸರ್ಟಿಫಿಕೇಟ್ ಯಾರು ಕೊಟ್ಟಾರ? ಏಳನೇ ಇಯತ್ತೆ ಮಾಸ್ತರ ಏನು?”

ಮುಂದುವರಿಸಿ ಹೇಳಿದರು: ಬೇರೆ ಲಾಟು ಜೂನ್ ಕೊನೆಯ ವಾರದ ತನಕ ಬರುವುದಿಲ್ಲ, ಅಲ್ಲಿಯತನಕ ನನ್ನ ಅಂಗಡಿಗಳ ಹಲಗೆ ಖಾಲಿ ಇದ್ದರೆ ಇನ್ನೊಂದು ಕಂಪನಿ ತುಂಬುತ್ತದೆ, ವಿತರಣೆ ಬೇಕೆನ್ನುವವರು ಇನ್ನೂ ಇದ್ದಾರೆ. ಆ ಇಬ್ಬರು ಡಿಗ್ರಿಯವರ ಮುಖ ಕಣ್ಣ ಮುಂದೆ ಬಂತು. ಮರುದಿನ ೪,೩೦೦ ಪಾಕೀಟುಗಳನ್ನು ನಾಲ್ಕೂ ತಾಲೂಕಿನ ಮೂವತ್ತೆಂಟು ಅಂಗಡಿಗಳಿಗೆ ಕಳಿಸಿದೆ. ಬಲವಂತ ಮಾಡಿದರು ಎನ್ನಲಾರೆ. ವ್ಯಾನಿಗೆ ಚೀಟಿ ಬರೆದವನು ನಾನು.

ಜೂನ್ ಎರಡನೆಯ ವಾರ ಹದವಾದ ಮಳೆಯಾಯಿತು. ಎಲ್ಲ ಕಡೆ ಒಂದೇ ವಾರದಲ್ಲಿ ಬಿತ್ತನೆ. ಎಂಟನೆಯ ದಿನ ಹತ್ತಿಮತ್ತೂರಿನ ಶಿವನಗೌಡರಿಂದ ಬೀಜ ಎದ್ದಿಲ್ಲವೆಂದು ಫೋನ್ ಬಂತು. ಹದಿನಾಲ್ಕು ಎಕರೆಗೆ ನನ್ನ ಇಪ್ಪತ್ತೆಂಟು ಪಾಕೀಟು ಕೊಂಡವರು. ಊರಲ್ಲಿ ಅವರು ಯಾವ ಬೀಜ ಹಾಕಿದರೂ ಉಳಿದವರೂ ಅದನ್ನೇ ಕೊಳ್ಳುತ್ತಿದ್ದರು.

ಇಲ್ಲಿ ಒಂದು ಪದ್ಧತಿಯನ್ನು ಬಿಡಿಸಿ ಹೇಳಬೇಕು. ನಮ್ಮ ಕಡೆ ಎತ್ತಿನ ಕೂರಿಗೆ ಗೆರೆ ಎಳೆದು ಹೋದ ಮೇಲೆ ಗೋವಿನಜೋಳದ ಕಾಳನ್ನು ಹೆಣ್ಣುಮಕ್ಕಳು ಒಂದೊಂದಾಗಿ ಕೈಯಿಂದ ಬಿಡುತ್ತಾರೆ. ಮೊದಲ ಸಾಲಿನ ಮೊದಲ ಮುಷ್ಟಿಯನ್ನು ಕೈಗುಣ ಒಳ್ಳೆಯದೆಂದು ಹೆಸರಾದ ಒಬ್ಬಳಿಂದ ಹಾಕಿಸುತ್ತಾರೆ. ಹಾಕುವ ಮೊದಲು ಅವಳ ಉಡಿ ತುಂಬುತ್ತಾರೆ. ಹತ್ತಿಮತ್ತೂರಿನಲ್ಲಿ ಆ ಕೈ ಫಕ್ಕೀರವ್ವನದು. ವಯಸ್ಸು ಐವತ್ತೈದರ ಆಸುಪಾಸು. ಹನ್ನೆರಡು ಹೆಣ್ಣುಮಕ್ಕಳ ಗುಂಪಿಗೆ ಅವಳೇ ಮುಂದಾಳು. ಎಕರೆ ಲೆಕ್ಕದಲ್ಲಿ ಬಿತ್ತನೆ ಗುತ್ತಿಗೆ ಹಿಡಿಯುತ್ತಿದ್ದಳು. ಮೊದಲ ಮುಷ್ಟಿಗೆ ಅವಳು ಬೇಕು ಎನ್ನುವ ಕಾರಣಕ್ಕೇ ಗುಂಪಿಗೆ ಕೆಲಸ ಸಿಗುತ್ತಿತ್ತು. ಆ ವರ್ಷ ಏಪ್ರಿಲಿನಲ್ಲಿ ಅವಳ ಗಂಡ ತೀರಿಕೊಂಡ. ಗಂಡ ಸತ್ತವಳಿಂದ ಮೊದಲ ಮುಷ್ಟಿ ಹಾಕಿಸುವುದು ರೂಢಿಯಲ್ಲಿಲ್ಲ. ಗೌಡರ ತಾಯಿ ಬೇಡವೆಂದರು. ಗೌಡರು, “ಕೈ ಅದ ಕೈ ಐತೆಲ್ಲಬೇ, ಗಂಡ ಹೋದ್ರ ಕೈ ಹೋಗ್ತೈತೇನು?” ಎಂದು ಅವಳನ್ನೇ ಕರೆದರು. ಒಳ್ಳೆಯ ಮಾತೇ. ಆದರೆ ಆ ಸಲ ಉಡಿ ತುಂಬಲಿಲ್ಲ. ಮುಷ್ಟಿ ಮಾತ್ರ ಹಾಕಿಸಿಕೊಂಡರು.

ನಾನು ಹೊಲಕ್ಕೆ ಹೋದಾಗ ಬದುವಿನ ಮೇಲೆ ಗೌಡರು, ಅವರ ತಾಯಿ, ಫಕ್ಕೀರವ್ವ, ಅವಳ ಗುಂಪು, ಪಕ್ಕದ ಹೊಲದ ನಾಲ್ಕೈದು ಮಂದಿ ನಿಂತಿದ್ದರು.

“ನೋಡು ನಿಂಗಪ್ಪ,” ಎಂದರು ಗೌಡರು. “ಇಲ್ಲೊಂದು, ಅಲ್ಲೊಂದು. ಆಡು ಬಿಟ್ರ ಒಂದು ಹೊತ್ತಿನ ಮೇವೂ ಆಗೂದಿಲ್ಲ.”

ದೂರು ಬಂದರೆ ಹೊಲದ ಐದು ಕಡೆ ಒಂದೊಂದು ಮೀಟರ್ ಸಾಲು ಕೆದರಿ ಎಣಿಸುವುದು ನಮ್ಮ ಕ್ರಮ. ಕೆದರಿದೆ. ಮಣ್ಣಿನಲ್ಲಿ ಹಸಿ ಸಾಕಷ್ಟಿತ್ತು. ಅರ್ಧಕ್ಕರ್ಧ ಕಾಳು ಉಬ್ಬಿ, ಮೆತ್ತಗಾಗಿ, ಬೆರಳಲ್ಲಿ ಒತ್ತಿದರೆ ಹಿಸುಕಿ ಹುಳಿ ವಾಸನೆ ಬರುತ್ತಿತ್ತು. ಗೋಡೌನಿನಲ್ಲಿ ಗೋಣಿತಟ್ಟು ಬಿಚ್ಚಿದಾಗ ಮೂಸಿದ್ದ ವಾಸನೆಯೇ. ಎದ್ದು ನಿಂತು ಕೈ ಒರೆಸಿಕೊಂಡೆ. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು.

“ಹಸಿ ಚಲೋ ಐತಿ. ಕಾಳು ಎಷ್ಟು ಆಳ ಬಿಟ್ಟೀರಿ?”

“ಎರಡ ಬಟ್ಟರಿ ಸಾವ್ಕಾರ್ರ,” ಎಂದಳು ಫಕ್ಕೀರವ್ವ, ಎರಡು ಬೆರಳು ಜೋಡಿಸಿ ತೋರಿಸಿ. “ನಿಮ್ಮ ಅಂಗಡಿ ಹುಟ್ಟೂಕಿಂತ ಮದಲಿಂದನೂ ಎರಡ ಬಟ್ಟ.”

ಹೆಂಗಸರು ನಕ್ಕರು. ಗೌಡರೂ ಮೀಸೆಯಲ್ಲಿ ನಕ್ಕರು. ನಾನು ಅವಳ ಕೈ ನೋಡಿದೆ. ಬಳೆ ಇರಲಿಲ್ಲ. ನೋಡಿಯೇ ಕೇಳಿದೆ:

“ಈ ಸಲ ಮದಲ ಮುಷ್ಟಿ ಯಾರದು?”

ಅಷ್ಟೇ. ಸುಳ್ಳು ಹೇಳಲಿಲ್ಲ, ಯಾರ ಮೇಲೂ ತಪ್ಪು ಹೊರಿಸಲಿಲ್ಲ, ಒಂದು ಪ್ರಶ್ನೆ ಕೇಳಿದೆ. ನಗು ನಿಂತಿತು. ಗೌಡರ ತಾಯಿ ಸೆರಗು ಸರಿಮಾಡಿಕೊಂಡು, “ನಾ ಅವತ್ತ ಹೇಳಿದ್ದೆ,” ಎಂದರು. ಪಕ್ಕದ ಹೊಲದವನೊಬ್ಬ, “ನಮ್ಮದೂ ಅಕಿನ ಹಾಕಿದ್ಲು. ನಮ್ಮದೂ ಎದ್ದಿಲ್ಲ,” ಎಂದ. ಅವನ ಬೀಜವೂ ಅದೇ ಲಾಟಿನದು. ಅದನ್ನು ಬಲ್ಲವನು ಆ ಬದುವಿನ ಮೇಲೆ ನಾನೊಬ್ಬನೇ.

ಫಕ್ಕೀರವ್ವ ಗೌಡರ ಕಡೆ ತಿರುಗಿದಳು. “ಗೌಡ್ರ, ನೀವ ಕರೆಸಿದ್ರೆಲ್ಲರಿ.”

ಗೌಡರು ಮೊಬೈಲು ತೆಗೆದು ನೋಡುತ್ತ, “ಆತು ಬಿಡಬೇ, ಆಗೂದು ಆಗೇತಿ. ಮನೀಗೆ ನಡಿ,” ಎಂದರು.

ಅವಳು ನಡೆದಳು. ಜೊತೆಗೆ ಬಂದಿದ್ದ ಹನ್ನೆರಡು ಮಂದಿಯಲ್ಲಿ ಅವಳ ಹಿಂದೆ ಹೋದವಳು ಸೊಸೆ ಒಬ್ಬಳೇ. ಉಳಿದವರು ಮರುಬಿತ್ತನೆಯ ಕೆಲಸ ಯಾರಿಗೆ ಸಿಗುತ್ತದೆ ಎಂದು ಅಲ್ಲೇ ನಿಂತರು.

ಮರುಬಿತ್ತನೆಗೆ ಗೌಡರು ಮತ್ತೆ ಇಪ್ಪತ್ತೆಂಟು ಪಾಕೀಟು ಕೊಂಡರು, ನನ್ನಿಂದಲೇ. ಬೀಜದ ಮೇಲೆ ಅವರಿಗೆ ಸಂಶಯವೇ ಬರಲಿಲ್ಲ. ತಪ್ಪು ಎಲ್ಲಿದೆಯೆಂದು ಅವರಿಗೆ ಸಿಕ್ಕಿತ್ತು. ಅಷ್ಟರಲ್ಲಿ ಹೊಸ ಲಾಟು ಬಂದಿತ್ತು, ತೊಂಬತ್ತನಾಲ್ಕರದು. ಮೊದಲ ಮುಷ್ಟಿಯನ್ನು ಈ ಸಲ ಗೌಡರ ಸೊಸೆ ಹಾಕಿದಳು, ಉಡಿ ತುಂಬಿಸಿಕೊಂಡು. ಆರನೆಯ ದಿನಕ್ಕೆ ಹದಿನಾಲ್ಕು ಎಕರೆಯೂ ಎದ್ದು ನಿಂತಿತು. ಊರಿಗೆ ಇನ್ನೇನು ಸಾಕ್ಷಿ ಬೇಕು?

ಆ ಪ್ರಶ್ನೆಯ ಬಲ ಕಂಡ ಮೇಲೆ ನಾನು ಸುಮ್ಮನಿರಲಿಲ್ಲ. ಮೂವತ್ತೆಂಟು ಅಂಗಡಿಗಳಿಗೂ ಫೋನ್ ಮಾಡಿ, ಯಾರಾದರೂ ಎದ್ದಿಲ್ಲವೆಂದು ಬಂದರೆ ಮೊದಲು ಯಾರ ಕೈ ಎಂದು ಕೇಳಿ, ಆಮೇಲೆ ಆಳ ಕೇಳಿ ಎಂದು ತಿಳಿಸಿದೆ. ಹಿರೇಕೆರೂರಿನಲ್ಲಿ ಒಬ್ಬ ಕೈಗುಣ ಸರಿಯಿಲ್ಲವೆಂದು ತನ್ನ ಹೆಂಡತಿಗೆ ಹೊಡೆದ ಸುದ್ದಿ ಅಲ್ಲಿಯ ಅಂಗಡಿಯವನೇ ಫೋನಿನಲ್ಲಿ ನಗುತ್ತ ಹೇಳಿದ. ನಾನೂ ನಕ್ಕೆ. ಬಂಕಾಪುರ, ಹುಲಗೂರು, ಎಲ್ಲ ಕಡೆಯಿಂದಲೂ ಮರುಬಿತ್ತನೆಗೆ ಬೇಡಿಕೆ ಬಂತು. ನಾಲ್ಕು ತಾಲೂಕಿನಲ್ಲಿ ಎರಡನೆಯ ಸಲ ಹೋದ ಪಾಕೀಟು ೪,೧೨೦. ಕೃಷಿ ಇಲಾಖೆಗೆ ಹೋದ ಲಿಖಿತ ದೂರು ಒಂದೂ ಇಲ್ಲ.

ಜುಲೈ ಕೊನೆಯಲ್ಲಿ ಒಂದು ದಿನ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ, ಫಕ್ಕೀರವ್ವ ಶಿಗ್ಗಾವಿಯ ನನ್ನ ಅಂಗಡಿಗೆ ಬಂದಳು. ಸವಣೂರಿನಲ್ಲಿ ಬಸ್ಸು ಬದಲಿಸಿ ಬಂದಿದ್ದಳು. ಎರಡೂ ಕಂಕುಳಲ್ಲಿ ಬಾಯಿ ಕತ್ತರಿಸಿದ ಎಣ್ಣೆ ಡಬ್ಬಿ ಎರಡು, ಮಣ್ಣು ತುಂಬಿದವು. ಒಂದರಲ್ಲಿ ಗೋವಿನಜೋಳದ ಸಸಿಗಳು ಒತ್ತಾಗಿ ನಿಂತಿದ್ದವು, ಇನ್ನೊಂದರಲ್ಲಿ ತೆಳ್ಳಗೆ. ಅಂಗಡಿಯಲ್ಲಿ ಮೂವರು ರೈತರು ಕುಳಿತಿದ್ದರು. ಅವಳು ಡಬ್ಬಿಗಳನ್ನು ಕಟ್ಟೆಯ ಮೇಲಿಟ್ಟಳು.

“ಸಾವ್ಕಾರ್ರ, ಇದು ಮದಲಿನ ಬೀಜ, ಬಿತ್ತೂ ಮುಂದ ನನ್ನ ಉಡ್ಯಾಗ ಉಳಿದಿತ್ತು. ಇದು ಗೌಡ್ರು ಎರಡನೇ ಸಲ ತಂದಿದ್ದು, ಒಬ್ಬಾಕಿ ಕಡಿಂದ ಇಸಗೊಂಡೇನಿ. ಎರಡರಾಗೂ ಇಪ್ಪತ್ತಿಪ್ಪತ್ತು ಕಾಳು. ಒಂದ ದಿನ, ಒಂದ ಮಣ್ಣು, ಒಂದ ನೀರು. ಎರಡೂ ನಾನ ಹಾಕೇನಿ. ಇದರಾಗ ಒಂಬತ್ತು ಎದ್ದಾವು, ಇದರಾಗ ಇಪ್ಪತ್ತಕ್ಕ ಇಪ್ಪತ್ತು. ಕೈ ಒಂದ ಐತ್ರಿ.”

ನಾನು ಡಬ್ಬಿಗಳನ್ನು ನೋಡಿದೆ. ಮೂವತ್ತು ವರ್ಷದಿಂದ ಬೀಜ ಪರೀಕ್ಷೆ ಮಾಡುತ್ತಿರುವ ನನಗೂ ಈ ಉಪಾಯ ಹೊಳೆದಿರಲಿಲ್ಲ. ನನ್ನ ನೂರು ಕಾಳು ಬೀಜವನ್ನು ಮಾತ್ರ ಅಳೆಯುತ್ತಿದ್ದವು. ಅವಳ ನಲವತ್ತು ಕಾಳು ಬೀಜವನ್ನೂ ಕೈಯನ್ನೂ ಬೇರೆ ಬೇರೆ ಮಾಡಿ ತೋರಿಸಿದ್ದವು.

“ಈಗ ನಾ ಏನು ಮಾಡ್ಬೇಕಂತಿ?” ಎಂದೆ.

“ನನಗ ರೊಕ್ಕ ಬ್ಯಾಡ್ರಿ. ಗೌಡ್ರ ಮನಿಗೆ ಬಂದು ಒಂದು ಮಾತು ಹೇಳ್ರಿ, ಬೀಜದ್ದ ತಪ್ಪು ಅಂತ. ಯಾರೂ ಕೆಲಸಕ್ಕ ಕರೀವಲ್ರು. ಸೊಸಿನ್ನೂ ಕರೀವಲ್ರು. ನಿಮ್ಮ ಮಾತಂದ್ರ ಕೇಳ್ತಾರ.”

ಮೂವರು ರೈತರೂ ಡಬ್ಬಿಗಳ ಮೇಲೆ ಬಾಗಿ ನೋಡುತ್ತಿದ್ದರು. ಒಬ್ಬ ಬೆರಳು ಮಾಡಿ ಸಸಿ ಎಣಿಸಲು ಶುರುಮಾಡಿದ. ಅವನು ಎಣಿಸಿ ಮುಗಿಸಿದ್ದರೆ ನನ್ನ ಲೆಕ್ಕ ಮುಗಿಯುತ್ತಿತ್ತು.

“ಗಂಡ ಸತ್ತು ನಾಲ್ಕು ತಿಂಗಳಾಗಿಲ್ಲ,” ಎಂದೆ, ರೈತರಿಗೆ ಕೇಳುವಂತೆ. “ಆಗಲೇ ಲ್ಯಾಬ್ ತಗದಾಳ ನೋಡ್ರಿ ನಮ್ಮ ಫಕ್ಕೀರವ್ವ. ಯಾವ ಕಾಲೇಜಿನ್ಯಾಗ ಕಲತು ಬಂದಿಬೇ? ಸರ್ಟಿಫಿಕೇಟ್ ತಂದಿಯೇನು?”

ಎಣಿಸುತ್ತಿದ್ದವನು ಮೊದಲು ನಕ್ಕ. ಆಮೇಲೆ ಇಬ್ಬರೂ ನಕ್ಕರು. ಅವಳು ನಗು ಮುಗಿಯುವ ತನಕ ನಿಂತಿದ್ದಳು. ಡಬ್ಬಿಗಳನ್ನು ಅಲ್ಲೇ ಬಿಟ್ಟು ಮೆಟ್ಟಿಲು ಇಳಿದಳು. ನಾನು ಕೆಲಸದವನಿಗೆ ಹೇಳಿ ಎರಡನ್ನೂ ಗಟಾರಕ್ಕೆ ಚೆಲ್ಲಿಸಿದೆ.

ಅಕ್ಟೋಬರಿನಲ್ಲಿ ಹುಬ್ಬಳ್ಳಿಯ ಹೋಟೆಲೊಂದರಲ್ಲಿ ಕಂಪನಿಯ ಸಭೆ. ಪರದೆಯ ಮೇಲೆ ಒಬ್ಬೊಬ್ಬ ವಿತರಕನ ಮಾರಾಟಕ್ಕೆ ಒಂದೊಂದು ಕಂಬ. ನನ್ನ ಕಂಬ ಎಲ್ಲಕ್ಕಿಂತ ಎತ್ತರ. ಮ್ಯಾನೇಜರ್ ಸಾಹೇಬರು ಕಡ್ಡಿಯಿಂದ ಅದನ್ನು ಮುಟ್ಟಿ ತೋರಿಸಿದರು.

“ಬೇರೆ ಜಿಲ್ಲೆದಾಗ ದೂರು ಬಂದಾವು. ಇಲ್ಲಿ ಝೀರೋ. ರೈತ ಒಂದ ಹಂಗಾಮಿನ್ಯಾಗ ಎರಡೆರಡು ಸಲ ಬಂದು ಅದ ಬೀಜ ಕೊಂಡಾನ. ಕ್ವಾಲಿಟಿಗೆ ಇದಕ್ಕಿಂತ ಪುರಾವೆ ಏನು ಬೇಕು? ನಂಬರ್ ಸುಳ್ಳು ಹೇಳೂದಿಲ್ಲ.”

ಚಪ್ಪಾಳೆ ಬಿತ್ತು. ಶಾಲು ಹೊದಿಸಿದರು. ಮಾತಾಡಿ ಎಂದರು. ಪದವೀಧರರ ಮುಂದೆ ನಿಂತು, ಏಳನೆಯ ತರಗತಿಯವನು ನಾನು, ದುಡಿಮೆಯಿಂದ ಇಲ್ಲಿಗೆ ಬಂದೆ ಎಂದೆ. ಮತ್ತೆ ಚಪ್ಪಾಳೆ. ಆ ಹೊತ್ತು ನನಗೆ ನಾಚಿಕೆಯಾಯಿತು ಎಂದು ಬರೆದರೆ ಅದು ಇನ್ನೊಂದು ಸುಳ್ಳಾದೀತು. ಖುಷಿಯೇ ಆಗಿತ್ತು.

ನಂಬರು ನನ್ನ ವಿರುದ್ಧವೇ ತಿರುಗಿದ್ದು ಮುಂದಿನ ವರ್ಷ. ೧೧,೮೬೦ ಮಾರಿದವನಿಗೆ ಕಂಪನಿ ಹನ್ನೆರಡು ಸಾವಿರದ ಗುರಿ ಕೊಟ್ಟಿತು. ಆ ವರ್ಷ ಬಂದ ಎಲ್ಲ ಲಾಟುಗಳೂ ಒಳ್ಳೆಯವು. ತೊಂಬತ್ತಕ್ಕಿಂತ ಕೆಳಗೆ ಒಂದೂ ಇಳಿಯಲಿಲ್ಲ. ಎಲ್ಲರ ಹೊಲವೂ ಎದ್ದಿತು. ಎಲ್ಲರೂ ಒಂದೇ ಸಲ ಕೊಂಡರು. ಮಾರಾಟ ೭,೬೮೦. ಅದರ ಮುಂದಿನ ವರ್ಷವೂ ಅಷ್ಟೇ. “ಏನ್ರಿ ನಿಂಗಪ್ಪನವರ, ನಿಮ್ಮ ಕಡೆ ಬೀಜದ ಕ್ವಾಲಿಟಿ ಬಗ್ಗೆ ಅಪಪ್ರಚಾರ ಆಗೇತೇನು?” ಎಂದು ಕೇಳಿದರು ಮ್ಯಾನೇಜರ್. ಬೀಜ ಚೆನ್ನಾಗಿದ್ದುದಕ್ಕೇ ಮಾರಾಟ ಇಳಿದಿದೆ ಎಂದು ಹೇಳಬೇಕಾದರೆ ೨೦೧೮ರಲ್ಲಿ ಏಕೆ ಏರಿತ್ತು ಎಂದೂ ಹೇಳಬೇಕಿತ್ತು. ಹೇಳಲಿಲ್ಲ. ೨೦೨೧ರಲ್ಲಿ ವಿತರಣೆಯನ್ನು ಆ ಡಿಗ್ರಿಯವರಲ್ಲಿ ಒಬ್ಬನಿಗೆ ಕೊಟ್ಟರು.

ಅದಾದ ಮೇಲೆ ನಾನು ಹತ್ತಿಮತ್ತೂರಿಗೆ ಹೋದೆ. ಮೊದಲೇ ಹೋಗಬಹುದಿತ್ತು, ಹೋಗಲಿಲ್ಲ. ಫಕ್ಕೀರವ್ವ ಯಾರದೋ ಅಂಗಳದಲ್ಲಿ ಕುಳಿತು ಒಣಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಬಿತ್ತನೆಗೆ ಕರೆಯದ ಕೈಗೆ ಆ ಕೆಲಸ ಸಿಗುತ್ತದೆ. ಸೊಸೆ ತನ್ನ ಗಂಡನನ್ನೂ ಕರೆದುಕೊಂಡು ತವರಿಗೆ ಹೋಗಿ ಎರಡು ವರ್ಷವಾಗಿತ್ತು. ಎದುರಿಗೆ ಕುಳಿತು ಲಾಟಿನ ವಿಷಯ, ನಲವತ್ತೊಂಬತ್ತು, ನಲವತ್ತಾರು, ಎಲ್ಲ ಹೇಳಿದೆ. ತಪ್ಪಾಯಿತು ಎಂದೆ. ಅವಳು ಕೆಲಸ ನಿಲ್ಲಿಸಲಿಲ್ಲ.

“ನನ್ನ ಕೈ ಮ್ಯಾಲ ನನಗೇನು ಸಂಶೇ ಇದ್ದಿಲ್ರಿ. ನಿಮಗೂ ಇದ್ದಿಲ್ಲ. ನನ್ನ ಮುಂದ ಯಾಕ ಹೇಳ್ತೀರಿ? ಸಂಶೇ ಇದ್ದವರ ಮನೀಗೆ ಹೋಗಿ ಹೇಳ್ರಿ.”

೨೦೧೮ರಲ್ಲಿ ಅವಳು ಬಿತ್ತಿದ್ದು ಆರು ಮನೆಗಳ ಹೊಲ. ಆರೂ ಮನೆಗೆ ಹೋದೆ. ಮೊದಲು ಶಿವನಗೌಡರಲ್ಲಿಗೆ. ಚಹಾ ಕೊಟ್ಟು, ಪೂರ್ತಿ ಕೇಳಿ, ಅವರು ಹೇಳಿದ್ದು ಇಷ್ಟು:

“ವಿತರಣೆ ಹೋತಂತ ಕಂಪನಿ ಮ್ಯಾಲ ಸಿಟ್ಟು ನಿನಗ. ಅದಕ್ಕ ಈಗ ಅದರ ಬೀಜ ಕೆಟ್ಟಂತಿ. ಇರವಲ್ದು. ಆದ್ರ ನಮ್ಮ ಸೊಸಿ ಮೂರು ವರ್ಷದಿಂದ ಮದಲ ಮುಷ್ಟಿ ಹಾಕಾಕತ್ತಾಳ, ಬೆಳಿ ಚಲೋ ಬರಾಕತ್ತೈತಿ. ಅಕಿನ್ನ ತಗದು ಫಕ್ಕೀರವ್ವನ್ನ ಕರೀಲೇನು? ನಮ್ಮವ್ವ ಕೇಳ್ತಾಳೇನು? ಸುಮ್ಮ ಚಹಾ ಕುಡಿ.”

ಉಳಿದ ಐದು ಮನೆಗಳಲ್ಲಿಯೂ ಹೆಚ್ಚು ಕಡಿಮೆ ಇದೇ ಉತ್ತರ. ಒಬ್ಬ, “ಹಂಗಾದ್ರ ನನ್ನ ಎರಡನೇ ಸಲದ ಪಾಕೀಟಿನ ರೊಕ್ಕ ಕೊಡು,” ಎಂದ. ಎಣಿಸಿ ಕೊಟ್ಟೆ. ಅವನು ರೊಕ್ಕ ಜೇಬಿಗಿಟ್ಟುಕೊಂಡು, “ಏನ ಅನ್ನು, ಆ ಕೈ ಚಲೋ ಅಲ್ಲ,” ಎಂದ.

ಮೂವತ್ತಾರು ವರ್ಷದ ಧಂದೆ ನನಗೆ ಕಲಿಸಿದ್ದನ್ನು ಹೊಸದಾಗಿ ಅಂಗಡಿ ಹಾಕುವವರಿಗೆ ನೇರವಾಗಿ ಹೇಳುತ್ತೇನೆ. ಮಾರಾಟದ ಅಂಕಿ ಎಷ್ಟು ಜನ ಕೊಂಡರು ಎಂದು ಹೇಳುತ್ತದೆ. ಯಾಕೆ ಕೊಂಡರು ಎಂದು ಹೇಳುವುದಿಲ್ಲ. ಮಾಲು ಒಳ್ಳೆಯದಾಗಿದ್ದಕ್ಕೆ ಬಂದವನೂ, ಮಾಲು ಕೆಟ್ಟಿದ್ದಕ್ಕೆ ಮತ್ತೆ ಬರಬೇಕಾದವನೂ ಆ ಅಂಕಿಯಲ್ಲಿ ಒಂದೇ. ಒಮ್ಮೆಲೇ ಮಾರಾಟ ಏರಿದರೆ ಹಿಗ್ಗುವ ಮೊದಲು ಹೊಲಕ್ಕೆ ಹೋಗಿ ಮಣ್ಣು ಕೆದರಿ ನೋಡಬೇಕು. ನಾನು ಕೆದರಿದ್ದೆ, ನೋಡಿದ್ದೆ. ನೋಡಿದ್ದನ್ನು ಅಲ್ಲೇ ಹೇಳಬೇಕು. ಮೂರು ವರ್ಷ ಬಿಟ್ಟು ಹೇಳಿದರೆ ಸತ್ಯಕ್ಕೂ ಗಿರಾಕಿ ಸಿಗುವುದಿಲ್ಲ.

ಈಗ ನನ್ನ ಹತ್ತಿರ ಇರುವುದು ಶಿಗ್ಗಾವಿಯಲ್ಲಿ ಸ್ವಂತದ ಅಂಗಡಿ ಒಂದು, ಗೋಡೌನು ಎರಡು, ವ್ಯಾನು ಒಂದು, ಬೇರೆ ಮೂರು ಕಂಪನಿಗಳ ಬೀಜ. ಹತ್ತಿಮತ್ತೂರಿನಲ್ಲಿ ನನ್ನಿಂದ ಬೀಜ ಕೊಳ್ಳುವ ಮನೆ ಅರವತ್ತೆರಡು, ಆ ಆರನ್ನೂ ಸೇರಿಸಿ. ಫಕ್ಕೀರವ್ವನನ್ನು ಬಿತ್ತನೆಗೆ ಕರೆಯುವ ಮನೆ ಒಂದೂ ಇಲ್ಲ.